ಕುರ್ಚಿಯ ಹಿಂದೆ ನಿಂತ ಹೆಜ್ಜೆ

ನಮ್ಮ ಊರಿನಲ್ಲಿ ಪ್ರೋಗ್ರಾಮು ಓಡತೊಡಗಿದರೆ ಅದನ್ನು ಬರೆದವರು ನಡೆಯುತ್ತಾರೆ. ಅವರು ಕಾಣಿಸುವುದಿಲ್ಲ, ಹೆಜ್ಜೆಯ ಸಪ್ಪಳ ಮಾತ್ರ ಕೇಳಿಸುತ್ತದೆ. ಅದು ಕಂಪ್ಯೂಟರಿನ ಪಕ್ಕದಿಂದ ಹೊರಟು ಕೋಣೆಯೊಳಗೆ ಅಡ್ಡಾಡಿ, ಪ್ರೋಗ್ರಾಮು ಮುಗಿದ ಜಾಗದಲ್ಲಿ ನಿಂತುಬಿಡುತ್ತದೆ. ಪಂಪ್‌ಹೌಸಿನ ಮೋಟಾರುಗಳನ್ನು ಚಾಲೂ ಮಾಡುವ ಪ್ರೋಗ್ರಾಮನ್ನು ಬರೆದ ಹೆಣ್ಣುಮಗಳು ತೀರಿಕೊಂಡು ಹನ್ನೆರಡು ವರ್ಷವಾಯಿತು. ಆಕೆಯ ಗಂಡ ಈಗಲೂ ದಿನಾ ಬೆಳಿಗ್ಗೆ ಥರ್ಮಾಸಿನಲ್ಲಿ ಚಹಾ ತೆಗೆದುಕೊಂಡು ಹೋಗಿ ಅಲ್ಲಿನ ಬೆಂಚಿನ ಮೇಲೆ ಕೂರುತ್ತಾರೆ. ಆಕೆ ನಾಲ್ಕು ನಿಮಿಷ ನಡೆಯುತ್ತಾಳೆ, ನೀರು ಬರುತ್ತದೆ, ಅವರು ಎದ್ದು ಮನೆಗೆ ಹೋಗುತ್ತಾರೆ. ಈ ಪ್ರೋಗ್ರಾಮು ಹಳೆಯದಾಯಿತು, ಬದಲಿಸೋಣ ಎಂದು ಹೊಸ ಇಂಜಿನಿಯರೊಬ್ಬ ಹೇಳಿದಾಗ ಜನ ಅವನನ್ನು ಒಂದು ಬೆಳಿಗ್ಗೆ ಅದೇ ಬೆಂಚಿನ ಮೇಲೆ ಕೂರಿಸಿದರು. ಅವನು ಮತ್ತೆ ಕೇಳಲಿಲ್ಲ. ರೇಷನ್ ಕಚೇರಿಯಲ್ಲಿ ನಡೆಯುವವರದು ಕುಂಟು ನಡಿಗೆ. ಸಾಲಿನಲ್ಲಿ ನಿಂತ ಜನ ಅದು ಹತ್ತಿರ ಬಂದಾಗ ಚೀಲಗಳನ್ನು ಬದಿಗೆ ಎಳೆದುಕೊಂಡು ದಾರಿ ಬಿಡುತ್ತಾರೆ. ಮಕ್ಕಳಿಗೆ ಬೇರೆ ಯಾವ ಶಿಸ್ತು ಕಲಿಸದಿದ್ದರೂ ಇಷ್ಟನ್ನು ಎಲ್ಲರೂ ಕಲಿಸುತ್ತಾರೆ: ‘ಕಾಲು ಒಳಗ ತಗೋ, ಯಾರೋ ಬರಾಕತ್ತಾರ.’

ನಾನು ಈ ಊರಿನ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಮೊದಲ ವರ್ಷದವರಿಗೆ ಪ್ರೋಗ್ರಾಮಿಂಗ್ ಕಲಿಸುತ್ತಿದ್ದೇನೆ. ಹುಡುಗರು ಹೈಮವತಿ ಮಿಸ್ ಎನ್ನುತ್ತಾರೆ. ಪಾಠವೆಲ್ಲ ಬೋರ್ಡಿನ ಮೇಲೆ, ಸೀಮೆಸುಣ್ಣದಲ್ಲಿ. ಓಡಿಸಿ ತೋರಿಸಬೇಕಾದಾಗ ನನಗಿಂತ ಮೊದಲು ಇಲ್ಲಿದ್ದ ಮೇಷ್ಟರು ಬರೆದಿಟ್ಟುಹೋದ ಪ್ರೋಗ್ರಾಮುಗಳಿವೆ, ಅವರ ಭಾರವಾದ ಬೂಟಿನ ನಡಿಗೆ ಪ್ರತಿ ವರ್ಷದ ಹುಡುಗರಿಗೂ ಪರಿಚಯ. ನನ್ನ ನಿಜವಾದ ಕೆಲಸ ಬರೆಯುವುದಲ್ಲ, ಕೇಳುವುದು. ಕಾಲೇಜಿಗೆ ಸೇರಿದ ಮೊದಲ ವಾರವೇ ಪ್ರತಿಯೊಬ್ಬರಿಂದ ಹತ್ತು ಸಾಲಿನ ಒಂದು ಪ್ರೋಗ್ರಾಮು ಬರೆಸುತ್ತೇನೆ. ಅದು ಓಡುವಾಗ ಸ್ಟಾಪ್‌ವಾಚ್ ಹಿಡಿದು, ಕಣ್ಣು ಮುಚ್ಚಿ ಕೇಳುತ್ತೇನೆ. ಎರಡು ಹೆಜ್ಜೆಗಳ ನಡುವೆ ಎಷ್ಟು ಹೊತ್ತು, ಯಾವ ಕಾಲು ಭಾರ, ತಿರುಗುವಾಗ ನಿಲ್ಲುತ್ತಾರೋ ಇಲ್ಲವೋ, ಎಲ್ಲವನ್ನೂ ಉದ್ದನೆಯ ರಿಜಿಸ್ಟರಿನಲ್ಲಿ ಬರೆದಿಡುತ್ತೇನೆ. ಆಮೇಲೆ ವರ್ಷವಿಡೀ ಯಾರು ಏನು ಬರೆದು ತಂದರೂ ರಿಜಿಸ್ಟರಿಗೆ ತಾಳೆ ನೋಡಿದರಾಯಿತು.

ನಿಯಮ ಸರಳವಾಗಿದೆ. ಹುಡುಗರು ಒಬ್ಬರೊಡನೊಬ್ಬರು ಎಷ್ಟು ಬೇಕಾದರೂ ಮಾತಾಡಬಹುದು, ಬೋರ್ಡಿನ ಮೇಲೆ ಚೌಕ, ಬಾಣ ಬರೆದು ವಾದ ಮಾಡಬಹುದು. ಮಾತಿಗೂ ಚಿತ್ರಕ್ಕೂ ಹೆಜ್ಜೆಯಿಲ್ಲ. ಆದರೆ ಕೀಬೋರ್ಡಿನ ಮೇಲೆ ಕೈಯಿಟ್ಟು ಬರೆದ ಸಾಲು ಬರೆದವರ ಕಾಲನ್ನು ಹೊತ್ತುಕೊಂಡೇ ಬರುತ್ತದೆ. ಇಬ್ಬರು ಕೂಡಿ ಬರೆದರೆ ಇಬ್ಬರೂ ನಡೆಯುತ್ತಾರೆ, ಅದೂ ತಪ್ಪಲ್ಲ. ಪ್ರೋಗ್ರಾಮಿನ ಮೊದಲ ಸಾಲಿನಲ್ಲಿ ಇಬ್ಬರ ಹೆಸರೂ ಇರಬೇಕು, ಅಷ್ಟೇ. ಹೆಸರಿಲ್ಲದ ಕಾಲು ಬಂದರೆ ತಪ್ಪು. ಕೆಲವರು ಬೇರೆಯವರ ಪ್ರೋಗ್ರಾಮು ತಂದು ಅಲ್ಲಲ್ಲಿ ಹೆಸರು, ಅಂಕಿ ಬದಲಿಸಿ ನೋಡುತ್ತಾರೆ. ಆಗ ಚಪ್ಪಲಿ ಬದಲಾದಂತೆ ಕೇಳುತ್ತದೆ, ಕಾಲು ಅದೇ ಇರುತ್ತದೆ. ಇಸ್ಮಾಯಿಲ್ ನದಾಫ್ ಎಂಬ ಹುಡುಗ ಈ ವರ್ಷದ ಎರಡನೇ ಕೆಲಸದಲ್ಲಿ ಹಿಂದಿನ ಬೆಂಚಿನ ಹುಡುಗಿಯ ಅರ್ಧ ಪ್ರೋಗ್ರಾಮು ಎತ್ತಿಕೊಂಡು ಬಂದಿದ್ದ. ಓಡಿಸಿದರೆ ಗೆಜ್ಜೆಯ ಸಪ್ಪಳ.

‘ನದಾಫ್, ಯಾವಾಗಿಂದ ಗೆಜ್ಜಿ ಕಟ್ಟಾಕತ್ತೀಯೋ?’ ಎಂದೆ.

‘ಮನ್ಯಾಗ ಹಟಾ ಹಿಡದ್ರು ಮಿಸ್, ಒಬ್ಬನ ಮಗಾ ಅಂತ,’ ಎಂದ. ಕ್ಲಾಸೆಲ್ಲ ನಕ್ಕಿತು, ಅವನಿಗೆ ಸೊನ್ನೆ ಬಿತ್ತು, ಅಲ್ಲಿಗೆ ಮುಗಿಯಿತು. ಪರಿಚಯದ ಕಾಲಾದರೆ ಶಿಕ್ಷೆ ಅಷ್ಟೇ.

ಯಾರದೆಂದು ತಿಳಿಯದ ಕಾಲಾದರೆ ಹಾಗಲ್ಲ. ಅದು ಹೊರಗಿನವರಿಂದ ಬರೆಸಿಕೊಂಡದ್ದಿರಬಹುದು, ಸತ್ತವರದ್ದೂ ಇರಬಹುದು. ಸತ್ತವರ ಸಾಲನ್ನು ಹೆಸರು ಹೇಳದೆ ತಂದು ಓಡಿಸುವುದೆಂದರೆ ಅವರನ್ನು ಗುರುತಿಲ್ಲದ ಮನೆಯಲ್ಲಿ ಅಡ್ಡಾಡಿಸಿದ ಹಾಗೆ ಎಂದು ನಮ್ಮವರು ತಿಳಿಯುತ್ತಾರೆ. ಅಂಥ ಹುಡುಗರ ಹೆಸರನ್ನು ಕಾಲೇಜಿನಿಂದ ತೆಗೆಯುತ್ತಾರೆ. ಆಮೇಲೆ ಊರಿನ ಯಾವ ಕಚೇರಿಯೂ ಅವರು ಬರೆದದ್ದನ್ನು ತನ್ನ ನೆಲದ ಮೇಲೆ ನಡೆಯಗೊಡುವುದಿಲ್ಲ.

ಮಹಾನಂದಾ ಬಡಿಗೇರಳ ಪ್ರೋಗ್ರಾಮಿನಲ್ಲಿ ಅಂಥ ಕಾಲು ಕೇಳಿಸಿದ್ದು ಮೂರನೇ ಕೆಲಸದ ದಿನ. ಅವಳ ಅಪ್ಪ ಕಾಲೇಜಿನ ಬಾಗಿಲು, ಕಿಟಕಿ ದುರಸ್ತಿಗೆ ಬರುವವರು. ಹುಡುಗಿ ನಿಧಾನವಾಗಿ ಕಲಿಯುತ್ತಿದ್ದಳು, ಆದರೆ ಕಲಿತದ್ದನ್ನು ಬಿಡುತ್ತಿರಲಿಲ್ಲ. ಸೇರಿದ ಹೊಸದರಲ್ಲಿ ಒಮ್ಮೆ ನನ್ನ ಮೇಜಿನ ಬಳಿ ಬಂದು, ‘ಪಂಪ್‌ಹೌಸಿನ್ಯಾಗ ಆ ಅಕ್ಕಾ ನಡೀತಾರಲ್ರಿ ಮಿಸ್, ಹಂಗ ಈ ಊರಾಗ ನಂದೂ ಒಂದು ನಡೀಬೇಕು,’ ಎಂದಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ, ‘ನಮ್ಮಪ್ಪ ಮಾಡಿದ ಬಾಗಿಲಾ ಊರ ತುಂಬ ಅದಾವ್ರಿ. ನಂದೇನೂ ಇಲ್ಲ,’ ಎಂದಳು.

ಕೊಟ್ಟಿದ್ದ ಕೆಲಸ ಇದು: ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ ಎರಡು ಸಾಲು ಅಂಕಿಗಳನ್ನು ಒಂದೇ ಸಾಲಾಗಿ ಸೇರಿಸಬೇಕು. ಎರಡೂ ಸಾಲುಗಳ ತಲೆಯಲ್ಲಿರುವ ಅಂಕಿಗಳನ್ನು ಹೋಲಿಸುತ್ತ ಚಿಕ್ಕದನ್ನು ಎತ್ತಿಕೊಳ್ಳುತ್ತ ಹೋದರಾಯಿತು. ತೊಡಕಿರುವುದು ಕೊನೆಯಲ್ಲಿ. ಒಂದು ಸಾಲು ಮೊದಲೇ ಖಾಲಿಯಾದಾಗ ಇನ್ನೊಂದರಲ್ಲಿ ಉಳಿದವನ್ನು ಮರೆಯದೆ ತರಬೇಕು. ಮೊದಲ ವರ್ಷದವರು ಹೆಚ್ಚಿನಂಶ ಅಲ್ಲೇ ಎಡವುತ್ತಾರೆ.

ಮಧ್ಯಾಹ್ನ ಎರಡೂವರೆಯ ಲ್ಯಾಬಿನಲ್ಲಿ ಅರವತ್ತನಾಲ್ಕು ಜನರ ಮುಂದೆ ಅವಳದನ್ನು ಓಡಿಸಿದೆ. ಅವಳ ಹೆಜ್ಜೆ ಹೊರಟಿತು: ಚಿಕ್ಕ ಚಿಕ್ಕ ಹೆಜ್ಜೆ, ಬಲಗಾಲು ತುಸು ಭಾರ, ರಿಜಿಸ್ಟರಿನಲ್ಲಿ ಇದ್ದ ಹಾಗೆಯೇ. ಬೆಂಚುಗಳ ನಡುವೆ ಹೋಗಿ ಬಾಗಿಲ ಬಳಿ ತಿರುಗಿತು. ಆಮೇಲೆ ಕಿಟಕಿಯ ಕಡೆಯಿಂದ ಇನ್ನೊಂದು ಶುರುವಾಯಿತು. ಅದು ನಿಧಾನವಾದ ನಡಿಗೆ. ಒಂದು ಹೆಜ್ಜೆ ಇಟ್ಟ ಮೇಲೆ ಇನ್ನೊಂದು ಇಡುವುದೋ ಬೇಡವೋ ಎಂದು ಯೋಚಿಸುವವರ ಹಾಗೆ ನಡುವೆ ಬಿಡುವು. ಬೆಂಚುಗಳನ್ನು ಬಳಸಿಕೊಂಡು ನೇರವಾಗಿ ನನ್ನತ್ತ ಬಂದು, ಕುರ್ಚಿಯ ಹಿಂದೆ ನಿಂತಿತು. ಪ್ರೋಗ್ರಾಮು ಮುಗಿಯಿತು.

ಹುಡುಗರೆಲ್ಲ ಕಾಲು ಒಳಗೆಳೆದುಕೊಂಡಿದ್ದರು. ಯಾರೂ ಮಹಾನಂದಾಳನ್ನು ನೋಡುತ್ತಿರಲಿಲ್ಲ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇಸ್ಮಾಯಿಲ್ ಕೂಡ. ಹೆದರಿದ್ದಾರೆ ಎಂದುಕೊಂಡೆ.

ಕ್ಲಾಸು ಬಿಟ್ಟ ಮೇಲೆ ಅವಳೊಬ್ಬಳನ್ನು ನಿಲ್ಲಿಸಿಕೊಂಡೆ. ಅಷ್ಟರಲ್ಲಿ ಒಂದೊಂದೇ ಸಾಲನ್ನು ತೆಗೆದು ಓಡಿಸಿ, ಎರಡನೇ ಕಾಲು ಇರುವುದು ಕೊನೆಯ ನಾಲ್ಕು ಸಾಲುಗಳಲ್ಲಿ ಎಂದು ಪತ್ತೆ ಮಾಡಿದ್ದೆ. ಉಳಿದ ಅಂಕಿಗಳನ್ನು ತರುವ ಸಾಲುಗಳು ಅವು. ಅಚ್ಚುಕಟ್ಟಾಗಿದ್ದವು, ಪಳಗಿದ ಕೈ ಎಂದು ನೋಡಿದರೆ ತಿಳಿಯುತ್ತಿತ್ತು.

‘ಮಹಾನಂದಾ, ಈ ನಾಲ್ಕು ಸಾಲು ಯಾರು ಬರದದ್ದು?’

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ‘ನಿಮಗ ಗೊತ್ತಿಲ್ಲೇನ್ರಿ ಮಿಸ್?’

‘ಗೊತ್ತಿದ್ರ ನಿನ್ನ ಯಾಕ ಕೇಳ್ತಿದ್ದೆ?’

ತಲೆ ತಗ್ಗಿಸಿದಳು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ‘ಹಂಗಾದ್ರ ನಾನ ಬರದೀನ್ರಿ.’

‘ಹಂಗಾದ್ರ ಅಂದ್ರ ಏನು? ನಿನ್ನ ಕಾಲು ನನಗ ಗೊತ್ತಿಲ್ಲೇನು? ಇದು ಯಾರೋ ದೊಡ್ಡವರದು. ಹೊರಗ ಯಾರ ಕಡೆಯಿಂದರೆ ಬರಸಿದೇನು? ಹೇಳಿಬಿಡು. ಹೆಸರು ಗೊತ್ತಾದ್ರ ಸೊನ್ನೀಗೆ ಮುಗೀತದ.’

‘ಇಲ್ರಿ ಮಿಸ್. ಹೊರಗಿನವರ ಕಡೆ ಹೋಗಿಲ್ರಿ. ನಮ್ಮಪ್ಪನ ಆಣಿ.’

ನನಗೆ ಸಿಟ್ಟು ಬಂತು. ಈ ಕೆಲಸ ಕೊಟ್ಟ ವಾರ ಅವಳು ಇದೇ ಜಾಗದಲ್ಲಿ ಸಿಕ್ಕಿಬಿದ್ದು ಕಣ್ಣು ತುಂಬಿಕೊಂಡು ಕೂತಿದ್ದಳು. ನಾನೇ ಪಕ್ಕದಲ್ಲಿ ನಿಂತು ಬಾಯಲ್ಲಿ ಹೇಳಿಕೊಟ್ಟಿದ್ದೆ. ಅಷ್ಟು ಹೇಳಿಕೊಟ್ಟ ಮೇಲೂ ಬೇರೆಯವರ ಬಳಿ ಹೋದಳಲ್ಲ ಎನ್ನಿಸಿತು. ವಿಭಾಗದ ಮುಖ್ಯಸ್ಥರಾದ ದೊಡವಾಡ ಸರ್‌ಗೆ ಅಂದೇ ವರದಿ ಬರೆದೆ: ‘ಎರಡನೇ ನಡಿಗೆ ಗುರುತಿಸಲಾಗಿಲ್ಲ.’ ಮುಂದಿನ ಸೋಮವಾರ ಸಮಿತಿ ಸೇರುವುದೆಂದು ನಿಶ್ಚಯವಾಯಿತು.

ನಾನು ಕೆಲಸವನ್ನು ಅರ್ಧಕ್ಕೆ ಬಿಡುವವಳಲ್ಲ. ಸಮಿತಿಯ ಮುಂದೆ ಹೋಗುವ ಮೊದಲು ಆ ಕಾಲಿನ ಮಾಲೀಕರನ್ನು ಹುಡುಕಬೇಕೆಂದು ಹೊರಟೆ. ಮಂಗಳವಾರದಿಂದ ದಿನಾ ಮಧ್ಯಾಹ್ನ ಲ್ಯಾಬು ಖಾಲಿಯಾದ ಮೇಲೆ ಒಬ್ಬಳೇ ಕೂತು ಆ ಪ್ರೋಗ್ರಾಮನ್ನು ಓಡಿಸುತ್ತಿದ್ದೆ. ಹೆಜ್ಜೆಗಳ ನಡುವಿನ ಅಂತರ ಒಂದು ಸೆಕೆಂಡು ಮತ್ತು ಮೂರು ದಶಾಂಶ. ಎಡ ಮೊಣಕಾಲು ಸರಿಯಾಗಿ ಮಡಚುವುದಿಲ್ಲ. ಹಿಮ್ಮಡಿ ಸ್ವಲ್ಪ ಎಳೆಯುತ್ತದೆ. ವಯಸ್ಸು ನಲವತ್ತರ ಮೇಲೆ, ಹೆಂಗಸಿರಬಹುದು ಎಂದು ಟಿಪ್ಪಣಿ ಮಾಡಿದೆ. ಈಗ ಓದುತ್ತಿರುವ ಮೂರೂ ವರ್ಷದ ಹುಡುಗರ ರಿಜಿಸ್ಟರಿಗೆ ತಾಳೆ ನೋಡಿದೆ. ಯಾರದಕ್ಕೂ ಹೊಂದಲಿಲ್ಲ.

ಪ್ರತಿ ಸಲವೂ ಅದು ಕಿಟಕಿಯಿಂದ ಬಂದು ನನ್ನ ಕುರ್ಚಿಯ ಹಿಂದೆ ನಿಲ್ಲುತ್ತಿತ್ತು. ಬೇರೆ ಪ್ರೋಗ್ರಾಮುಗಳ ಕಾಲು ಎಲ್ಲೆಲ್ಲೋ ನಿಲ್ಲುತ್ತವೆ, ಇದು ಮಾತ್ರ ಅಲ್ಲೇ. ಬುಧವಾರ ಕುರ್ಚಿಯನ್ನು ಇನ್ನೊಂದು ಮೂಲೆಗೆ ಎಳೆದುಕೊಂಡು ಓಡಿಸಿದೆ. ಹೆಜ್ಜೆ ಆ ಮೂಲೆಗೇ ಬಂದು ನಿಂತಿತು. ಹಿಂದೆ ತಿರುಗಿದರೆ ಹಳದಿ ಬಿಸಿಲು ಬಿದ್ದ ಗೋಡೆ, ಗೋಡೆಯ ಮೇಲೆ ನನ್ನದೇ ನೆರಳು. ಗುರುವಾರ ‘ಯಾರ್ರಿ ನೀವು?’ ಎಂದು ಕೇಳಿಯೂ ಬಿಟ್ಟೆ. ನಡೆಯುವವರಿಗೆ ಕಿವಿಯಿಲ್ಲ ಎಂದು ಚೆನ್ನಾಗಿ ತಿಳಿದಿದ್ದರೂ ಕೇಳಿದೆ. ಶುಕ್ರವಾರದ ಹೊತ್ತಿಗೆ ಇನ್ನೊಂದು ವಿಚಿತ್ರವಾಯಿತು. ಹೆಜ್ಜೆ ಹಿಂದೆ ಬಂದು ನಿಂತಾಗ ಹೆದರಿಕೆಯಾಗುವ ಬದಲು, ನನ್ನ ಭುಜ ತಾನಾಗಿಯೇ ಸಡಿಲವಾಗುತ್ತಿತ್ತು. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ಲ್ಯಾಬಿನ ಅಟೆಂಡರ್ ಯಮನಪ್ಪ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತಿರುತ್ತಾನೆ. ಈ ಕಾಲೇಜಿನಲ್ಲಿ ನನಗಿಂತ ಹಳಬ. ಐವತ್ತೈದು ವರ್ಷದಲ್ಲಿ ಊರಿನ ನಡೆಯುವವರನ್ನೆಲ್ಲ ಕೇಳಿದ ಕಿವಿ ಅವನದು. ಶುಕ್ರವಾರ ಸಂಜೆ ನಾಲ್ಕರ ಸುಮಾರಿಗೆ ಅವನನ್ನೇ ಕೇಳೋಣ ಎನ್ನಿಸಿತು.

‘ಯಮನಪ್ಪ, ನಾಲ್ಕು ದಿನದಿಂದ ಓಡಸಾಕತ್ತೀನಲ್ಲ, ಆ ಎರಡನೇ ಕಾಲು ಯಾರದಿರಬಹುದು? ಎಲ್ಲೆರೆ ಕೇಳಿದ ನೆನಪೈತೇನು?’

‘ಎರಡನೇದು ಎಲ್ಲೈತ್ರಿ ಬಾಯಾರ?’ ಎಂದ. ‘ಬಡಿಗ್ಯಾರ ಹುಡುಗೀದು ಒಂದ ಕೇಳಾಕತ್ತೈತಿ.’

‘ಒಂದಲ್ಲಪಾ. ಆಮ್ಯಾಲ ನಿಧಾನಕ್ಕ ಇನ್ನೊಂದು ಬರತೈತಲ್ಲ, ಕಿಡಕಿ ಕಡೆಯಿಂದ.’

ಯಮನಪ್ಪ ನಕ್ಕ. ‘ಅದಾ? ಅದು ನೀವು ಅಡ್ಡಾಡೋ ಸಪ್ಪಳಲ್ರಿ. ದಿನಾ ಮೂರು ಗಂಟೇಕ ಹುಡುಗೀದು ಹಚ್ಚತೀರಿ, ಆಮ್ಯಾಲ ಎದ್ದು ಅಡ್ಡಾಡತೀರಿ. ಬಾಯಾರಿಗೆ ಭಾಳ ಚಿಂತಿ ಹತ್ತೈತಿ ಅಂತ ನಾ ಒಳಗ ಬರಲಿಲ್ಲ.’

‘ನಾನು ಕುರ್ಚಿ ಬಿಟ್ಟು ಎದ್ದಿಲ್ಲ, ಯಮನಪ್ಪ.’

ಅವನ ನಗು ನಿಂತಿತು. ಸ್ಟೂಲಿನಿಂದ ಎದ್ದು ಒಳಗೆ ಇಣುಕಿ ನನ್ನ ಕುರ್ಚಿಯನ್ನೂ ನನ್ನ ಕಾಲನ್ನೂ ನೋಡಿದ. ‘ಹನ್ನೊಂದು ವರ್ಷಾ ಕೇಳೀನ್ರಿ,’ ಎಂದು ಮೆಲ್ಲಗೆ ಹೇಳಿದ. ‘ನನಗ ತಪ್ಪೂದಿಲ್ಲ.’

ಮತ್ತೊಮ್ಮೆ ಓಡಿಸಿದೆ. ಈ ಸಲ ನಾನು ಅಲುಗದೆ ಕೂತಿರುವುದನ್ನು ಅವನು ಬಾಗಿಲಲ್ಲಿ ನಿಂತು ನೋಡಿದ. ಹೆಜ್ಜೆ ಬಂತು, ಹಿಂದೆ ನಿಂತಿತು. ಯಮನಪ್ಪ ಹೊರಗೆ ಹೋಗಿ ಸ್ಟೂಲನ್ನು ಬಾಗಿಲಿನಿಂದ ಸ್ವಲ್ಪ ದೂರಕ್ಕೆ ಎಳೆದುಕೊಂಡ.

ಮೊದಲು ನಾನು ನಂಬಲಿಲ್ಲ. ನನ್ನ ಕಾಲು ನನಗೆ ಗೊತ್ತಿತ್ತು. ಇದೇ ಕಾಲೇಜಿನಲ್ಲಿ ಓದುವಾಗ ನನ್ನ ಪ್ರೋಗ್ರಾಮುಗಳು ಚುರುಕಾಗಿ, ಮೆಟ್ಟಿಲು ಹತ್ತುವ ಹಾಗೆ ನಡೆಯುತ್ತಿದ್ದವು. ಆದರೆ ಅದು ಹತ್ತೊಂಬತ್ತು ವರ್ಷದ ಹುಡುಗಿಯ ಕಾಲು. ಕಲಿಸಲು ಸೇರಿದ ಮೇಲೆ ಒಂದು ಸಾಲನ್ನಾದರೂ ಬರೆದೆನೇ ಎಂದು ಯೋಚಿಸಿದರೆ, ಬರೆದ ನೆನಪಿಲ್ಲ. ಎಲ್ಲರ ಕಾಲೂ ರಿಜಿಸ್ಟರಿನಲ್ಲಿದೆ, ನನ್ನದು ಇಲ್ಲ. ಇರಬೇಕೆಂದು ನನಗೂ ಹೊಳೆದಿರಲಿಲ್ಲ, ಬೇರೆಯವರೂ ಕೇಳಿರಲಿಲ್ಲ. ಎದ್ದು ಕಿಟಕಿಯಿಂದ ಮೇಜಿನವರೆಗೆ ನಡೆದೆ, ಸ್ಟಾಪ್‌ವಾಚ್ ಒತ್ತಿ. ಒಂದು ಸೆಕೆಂಡು ಮತ್ತು ಮೂರು ದಶಾಂಶ. ಎಡ ಮೊಣಕಾಲು ಎರಡು ವರ್ಷದಿಂದ ನೋಯುತ್ತಿದೆ.

ಆಗ ನೆನಪಾಯಿತು. ಬಾಯಲ್ಲಿ ಹೇಳಿಕೊಟ್ಟೆ ಎಂದು ನಾನು ಇಷ್ಟು ದಿನ ಇಟ್ಟುಕೊಂಡಿದ್ದ ನೆನಪಿನ ಅಡಿಯಿಂದ ಇನ್ನೊಂದು ಎದ್ದು ಬಂತು. ಮಹಾನಂದಾ ಕಣ್ಣು ತುಂಬಿಕೊಂಡು ಕೂತಿದ್ದಾಳೆ. ನಾನು ಎರಡು ಸಲ ಹೇಳಿದೆ, ಅವಳಿಗೆ ತಿಳಿಯಲಿಲ್ಲ. ಕಿಟಕಿಯ ಬಳಿಯಿಂದ ಬಂದು ಅವಳ ಕುರ್ಚಿಯ ಹಿಂದೆ ನಿಂತೆ, ಅವಳ ಭುಜದ ಮೇಲಿಂದ ಬಗ್ಗಿದೆ, ‘ಹಿಂಗ ನೋಡು’ ಎಂದು ಕೈ ಚಾಚಿದೆ. ನಾಲ್ಕು ಸಾಲು ಬರೆಯಲು ಅರ್ಧ ನಿಮಿಷವೂ ಹಿಡಿದಿರಲಾರದು. ಹೇಳಿಕೊಡುವುದು ಎಲ್ಲಿ ಮುಗಿದು ಮಾಡಿಕೊಡುವುದು ಎಲ್ಲಿ ಶುರುವಾಯಿತೆಂದು ನನ್ನ ಕೈಗೆ ತಿಳಿದಿರಲಿಲ್ಲ. ಅವಳು ನೋಡುತ್ತಿದ್ದಳು, ಅವಳಿಗೆ ತಿಳಿದಿತ್ತು.

ಶನಿವಾರ ಬೆಳಿಗ್ಗೆ ಅವಳನ್ನು ಕರೆಸಿದೆ. ‘ಮೊದಲ ದಿನಾನ ಗೊತ್ತಿತ್ತೇನು ನಿನಗ?’

‘ಗೊತ್ತಿತ್ರಿ.’

‘ಮತ್ತ ಹೇಳಬಾರದೇನು?’

‘ನೀವು ಗೊತ್ತಿಲ್ಲ ಅಂದ್ರಿ ಮಿಸ್,’ ಎಂದಳು. ಧ್ವನಿಯಲ್ಲಿ ದೂರು ಇರಲಿಲ್ಲ. ‘ನಿಮಗ ಹೇಳೂದು ಬ್ಯಾಡಾಗೈತಿ ಅನ್ಕೊಂಡೆ. ಸುಳ್ಳು ಹೇಳ್ತೀರಿ ಅಂತ ನಾ ಹೆಂಗ ಅನ್ಲಿ? ನೀವಾಗೇ ಹೇಳ್ತೀರೇನೋ ಅಂತ ಕಾದೆ.’

ಅಲ್ಲಿಂದ ನೇರವಾಗಿ ದೊಡವಾಡ ಸರ್ ಕೋಣೆಗೆ ಹೋದೆ. ಅವರು ಪೂರ್ತಿ ಕೇಳಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ವರದಿ ಸಮಿತಿಗೆ ಹೋಗೇದ ಮೇಡಂ. ಸುಮ್ಮನ ಹಿಂದ ತಗೊಳ್ಳಾಕ ಬರೂದಿಲ್ಲ. ಎರಡ ದಾರಿ. ಆ ಹುಡುಗಿ ಬ್ಯಾರೇದವರ ಸಾಲು ತಗೊಂಡೆ, ತಪ್ಪಾತು ಅಂತ ಬರದು ಕೊಡಬೇಕು. ಒಂದು ವರ್ಷ ಹೊರಗಿಡ್ತೀವಿ, ಹೆಸರು ತಗಿಯೂದಿಲ್ಲ. ಇಲ್ಲಾ, ಕಾಲು ಯಾರದು ಅಂತ ನೀವು ಬರದು ಕೊಡಬೇಕು.’

‘ನಾನ ಬರದು ಕೊಡ್ತೀನ್ರಿ.’

‘ಕೊಡ್ರಿ. ಬ್ಯಾಡ ಅನ್ನೂದಿಲ್ಲ. ಆದ್ರ ಕೊಡೋಕಿಂತ ಮೊದಲ ಇದನ್ನ ಒಂದು ನೋಡ್ರಿ.’ ಎದ್ದು ಕಪಾಟಿನಿಂದ ಒಂದು ಫೈಲು ತೆಗೆದು ನನ್ನ ಮುಂದೆ ಇಟ್ಟರು. ‘ನಿಮ್ಮ ಟಿಪ್ಪಣಿ ಓದಿದಾಗ ಎಲ್ಲೋ ಓದೀನಿ ಅನ್ನಿಸ್ತು. ನಿನ್ನೆ ಹುಡುಕಿಸಿದೆ.’

ಆರು ವರ್ಷದ ಹಿಂದಿನ ಫೈಲು. ಒಳಗಿದ್ದುದು ನನ್ನ ಅಕ್ಷರ. ‘ಎರಡನೇ ನಡಿಗೆ ನಿಧಾನ. ಅಂತರ ಒಂದು ಸೆಕೆಂಡು ಮತ್ತು ಒಂದು ದಶಾಂಶ. ಕುರ್ಚಿಯ ಹಿಂದೆ ಬಂದು ನಿಲ್ಲುತ್ತದೆ. ಗುರುತಿಸಲಾಗಿಲ್ಲ.’ ಮೇಲೆ ಹೆಸರು: ಪರಸಪ್ಪ ಹೂಗಾರ. ಕೆಳಗೆ ಕೆಂಪು ಶಾಯಿಯಲ್ಲಿ: ಹೆಸರು ತೆಗೆಯಲಾಗಿದೆ.

ಎರಡು ದಶಾಂಶದ ವ್ಯತ್ಯಾಸ. ಆರು ವರ್ಷದಲ್ಲಿ ನಾನು ಅಷ್ಟು ನಿಧಾನವಾಗಿದ್ದೆ. ಆ ಹುಡುಗನ ಮುಖವನ್ನು ನೆನಪಿಸಿಕೊಳ್ಳಲು ನೋಡಿದೆ, ಬರಲಿಲ್ಲ. ಅದು ನನಗೆ ಇಡೀ ವಾರದಲ್ಲಿ ಕೇಳಿದ ಎಲ್ಲ ಸಪ್ಪಳಕ್ಕಿಂತ ಭಯಂಕರವಾಗಿ ಕಂಡಿತು.

‘ಇದು ನಿಮ್ಮ ಕಾಲು ಅಂತ ಬರದ್ರ ಅದೂ ನಿಮ್ಮ ಕಾಲೇ ಆಗತದ,’ ಎಂದರು ದೊಡವಾಡ ಸರ್. ‘ಹನ್ನೊಂದು ವರ್ಷದ ರಿಜಿಸ್ಟರ್ ಯಾರೂ ನಂಬೂದಿಲ್ಲ. ನೀವೂ ಕೇಳೋ ಕೆಲಸ ಬಿಡಬೇಕಾಗತದ. ಹುಡುಗಿಗೆ ಒಂದು ವರ್ಷ, ಅಷ್ಟ. ಆಕಿ ವಯಸ್ಸು ಸಣ್ಣದು. ವಿಚಾರ ಮಾಡ್ರಿ.’

ವಿಚಾರ ಮಾಡಿದೆ, ಸುಳ್ಳು ಹೇಳುವುದಿಲ್ಲ. ಭಾನುವಾರವಿಡೀ ಅದನ್ನೇ ಮಾಡಿದೆ. ಒಂದು ವರ್ಷ ಹೆಚ್ಚಲ್ಲ ಎಂದು ಒಮ್ಮೆ ನನಗೂ ಅನ್ನಿಸಿತು. ನಾನು ಹೋಗಿ ಹೇಳಿದರೆ ಮಹಾನಂದಾ ಬರೆದುಕೊಡುತ್ತಾಳೆ ಎಂದೂ ಗೊತ್ತಿತ್ತು. ಅವಳು ಬರೆದುಕೊಡುತ್ತಾಳೆ ಎಂಬುದು ಅಷ್ಟು ಖಚಿತವಾಗಿದ್ದದ್ದರಿಂದಲೇ ಹೋಗಲಾಗಲಿಲ್ಲ.

ಸೋಮವಾರ ಸಮಿತಿಯ ಮೂವರ ಮುಂದೆ ಪ್ರೋಗ್ರಾಮನ್ನು ಓಡಿಸಿದರು. ಹೆಜ್ಜೆ ಎಂದಿನಂತೆ ಬಂದು ನಾನು ಕೂತ ಕುರ್ಚಿಯ ಹಿಂದೆಯೇ ನಿಂತಿತು. ನಾನು ಎದ್ದು, ಕಿಟಕಿಗೆ ಹೋಗಿ, ಅಲ್ಲಿಂದ ಅದೇ ದಾರಿಯಲ್ಲಿ ನಡೆದು ಬಂದೆ. ಯಾರಿಗೂ ಸ್ಟಾಪ್‌ವಾಚ್ ಬೇಕಾಗಲಿಲ್ಲ. ಎರಡೂ ವರದಿಗಳು ನನ್ನ ತಪ್ಪು ಎಂದು ಬರೆದು ಸಹಿ ಮಾಡಿದೆ. ರಿಜಿಸ್ಟರನ್ನು ಅವರು ತಮ್ಮ ಬಳಿ ಇಟ್ಟುಕೊಂಡರು. ಹುಡುಗಿ ಆ ನಾಲ್ಕು ಸಾಲನ್ನು ಅಳಿಸಿ ತಾನೇ ಬರೆಯಬೇಕೆಂದೂ, ಅಲ್ಲಿಯವರೆಗೆ ನಾನು ಲ್ಯಾಬಿನ ಒಳಗೆ ಹೋಗಕೂಡದೆಂದೂ ಹೇಳಿದರು.

ಮಂಗಳವಾರ ನಾನು ಯಮನಪ್ಪನ ಪಕ್ಕದಲ್ಲಿ ಇನ್ನೊಂದು ಸ್ಟೂಲು ಹಾಕಿಕೊಂಡು ಕೂತೆ. ಒಳಗೆ ಮಹಾನಂದಾ ಒಬ್ಬಳೇ. ಮೊದಲ ಸಲ ಓಡಿಸಿದಾಗ ಅವಳ ಹೆಜ್ಜೆ ಬಾಗಿಲವರೆಗೆ ಬಂದು ತಟ್ಟನೆ ನಿಂತಿತು. ಕೊನೆಯ ಅಂಕಿಗಳು ಬಿಟ್ಟುಹೋಗಿದ್ದವು. ಎರಡನೇ ಸಲ ಅದೇ ಜಾಗದಲ್ಲಿ ಗಿರಗಿರ ತಿರುಗತೊಡಗಿ ನಿಲ್ಲಲೇ ಇಲ್ಲ. ಅವಳೇ ಎದ್ದು ಮಷೀನು ಬಂದ್ ಮಾಡಬೇಕಾಯಿತು. ನನ್ನ ಕೈ ಮಂಡಿಯ ಮೇಲೆ ತಾನಾಗಿಯೇ ಆಡುತ್ತಿತ್ತು. ಯಮನಪ್ಪ ಅದನ್ನು ನೋಡಿ, ‘ಕೈ ಕಟ್ಟಿಕೊಂಡು ಕುಂದ್ರಿ ಬಾಯಾರ,’ ಎಂದ. ಎರಡು ಗಂಟೆ ಹತ್ತು ನಿಮಿಷದ ಮೇಲೆ ಚಿಕ್ಕ ಚಿಕ್ಕ ಹೆಜ್ಜೆ ಹೊರಟು, ಬಾಗಿಲಲ್ಲಿ ತಿರುಗಿ, ಕಿಟಕಿಯವರೆಗೆ ಹೋಗಿ ನಿಂತಿತು. ಬೇರೆ ಯಾರೂ ನಡೆಯಲಿಲ್ಲ.

ಪರಸಪ್ಪ ಹೂಗಾರ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆಂದು ಕಚೇರಿಯಲ್ಲಿ ತಿಳಿಯಿತು. ಅವನ ಹೆಸರನ್ನು ಮತ್ತೆ ಸೇರಿಸಿಕೊಳ್ಳಲು ಕಾಲೇಜು ಒಪ್ಪಿದ ಕಾಗದವನ್ನು ಹಿಡಿದುಕೊಂಡು ಬುಧವಾರ ಹೊರಟೆ. ಅಂದು ಬೆಳಿಗ್ಗೆ ಅವನ ಹಳೆಯ ಪ್ರೋಗ್ರಾಮನ್ನು ಹುಡುಕಿ ತೆಗೆಸಿ, ದೊಡವಾಡ ಸರ್ ಎದುರಿಗೆ ಒಮ್ಮೆ ಓಡಿಸಿ ಕೇಳಿದ್ದೆ. ಅಂಗಡಿಯ ಮೂರು ಮೆಟ್ಟಿಲು ಹತ್ತಿದೆ. ಬಾಗಿಲಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತಿದ್ದ ಒಬ್ಬ ತಾಮ್ರದ ತಂತಿಯನ್ನು ಸುತ್ತುತ್ತ ಎಣಿಸುತ್ತಿದ್ದ.

‘ಇನ್ನೂರಾ ಹದಿನಾಲ್ಕು, ಇನ್ನೂರಾ ಹದಿನೈದು. ಕುಂದ್ರಿ ಮಿಸ್, ನಡುವ ಬಿಟ್ರ ಲೆಕ್ಕಾ ತಪ್ಪತೈತಿ. ಇನ್ನೂರಾ ಹದಿನಾರು.’

ನಾನು ಇನ್ನೂ ಬಾಯಿ ತೆರೆದಿರಲಿಲ್ಲ. ಅವನೂ ತಿರುಗಿರಲಿಲ್ಲ. ಇನ್ನೂರಾ ನಲವತ್ತಕ್ಕೆ ಸುರುಳಿ ಮುಗಿಯಿತು. ಅವನು ತಂತಿ ಕತ್ತರಿಸಿ, ಕೈ ಒರೆಸಿಕೊಂಡು, ಕಾಗದ ತೆಗೆದುಕೊಂಡು ಓದಿದ. ಎರಡು ಸಲ ಓದಿದ. ಆಗಲೂ ಅವನ ಮುಖ ನನಗೆ ಪರಿಚಯವಾಗಲಿಲ್ಲ.

‘ಆವತ್ತ ಹೇಳಬಾರದಿತ್ತೇನಪಾ?’ ಎಂದೆ.

‘ಯಾರಿಗೆ ಹೇಳ್ಬೇಕಿತ್ರಿ? ಕೇಳಾವರ ನೀವಾಗಿದ್ರಿ.’ ಕಾಗದ ಮಡಚಿ ಅಂಗಿಯ ಜೇಬಿನಲ್ಲಿಟ್ಟ. ಸುರುಳಿಯನ್ನು ಬದಿಗಿಡುತ್ತ ಕೇಳಿದ, ‘ಆ ಪ್ರೋಗ್ರಾಮ್ ಇನ್ನೂ ಐತೇನ್ರಿ?’

‘ಐತಿ. ಮುಂಜಾನೆ ಓಡಿಸಿದ್ದೆ.’

‘ನನ್ನ ಕಾಲು ಹೆಂಗದಾವ್ರಿ ಅದರಾಗ?’

‘ಗಡಿಬಿಡಿ,’ ಎಂದೆ. ‘ಅರ್ಧ ಸೆಕೆಂಡಿಗೊಂದು ಹೆಜ್ಜಿ. ತಿರುಗೂ ಮುಂದನೂ ನಿಲ್ಲೂದಿಲ್ಲ. ಹೊರಗ ಯಾರೋ ಕಾಯಾಕತ್ತಾರೇನೋ ಅನ್ನೂಹಂಗ.’

ಅವನು ನಕ್ಕಂತೆ ಮಾಡಿದ, ನಗಲಿಲ್ಲ. ‘ಒಮ್ಮೆ ಕೇಳಬೇಕ್ರಿ ನಾ,’ ಎಂದು ಅಂಗಡಿಯ ಬಾಗಿಲು ಎಳೆದುಕೊಂಡ.

ಓಣಿ ಇಕ್ಕಟ್ಟಾಗಿದ್ದರಿಂದ ನಾನು ಮುಂದೆ, ಅವನು ಹಿಂದೆ ನಡೆದೆವು. ಮಧ್ಯಾಹ್ನದ ಹೊತ್ತು, ಸುತ್ತ ಸದ್ದಿರಲಿಲ್ಲ. ಬೇಡವೆಂದರೂ ಕಿವಿ ಅವನ ಹೆಜ್ಜೆಯನ್ನು ಎಣಿಸತೊಡಗಿತು. ಇಪ್ಪತ್ತೈದು ವರ್ಷದ ಗಂಡುಮಗ, ಕೈಕಾಲು ಗಟ್ಟಿಯಾಗಿದ್ದವು. ಆದರೆ ಒಂದು ಹೆಜ್ಜೆ ಇಟ್ಟ ಮೇಲೆ ಇನ್ನೊಂದು ಬರುವುದು ತಡವಾಗುತ್ತಿತ್ತು, ಎಲ್ಲಿಗೂ ಹೋಗಬೇಕಾಗಿಲ್ಲದವರ ಹಾಗೆ. ಅವನು ಹತ್ತಿರ ಬರಲೆಂದು ನಾನು ನಿಧಾನ ಮಾಡಿದೆ. ಮತ್ತೂ ನಿಧಾನ ಮಾಡಿದೆ. ಆದರೂ ಅವನು ಹಿಂದೆಯೇ ಉಳಿಯುತ್ತಿದ್ದ.